ಬೋರ್ಡೊದ ಬೆಳ್ಳಿ ಬಟ್ಟಲು: ಎಲೆಯ ಮೇಲಿನ ನೀಲಿ

ಚಿತ್ರದಲ್ಲಿರುವುದು ಇಳಿಹೊತ್ತಿನ ಬಿಸಿಲು.

ದ್ರಾಕ್ಷಿಯ ಸಾಲುಗಳು ದಿಬ್ಬದ ಬೆನ್ನಿನ ಮೇಲೆ ಬಾಚಣಿಗೆ ಎಳೆದಂತೆ ನೇರವಾಗಿ ಹತ್ತಿ, ಮೇಲೊಂದು ಕಲ್ಲಿನ ಗೋಪುರದ ಬಳಿ ಕಣ್ಮರೆಯಾಗಿವೆ. ಪ್ರತಿ ಸಾಲಿನ ತಲೆಯಲ್ಲೂ ಒಂದು ಗುಲಾಬಿ ಗಿಡ. ಎಲೆಗಳ ಮೇಲೆ ಅಲ್ಲಲ್ಲಿ ತೆಳುನೀಲಿಯ ಪೊರೆ, ಆಕಾಶದ ಒಂದು ತುಂಡನ್ನು ನೀರಿನಲ್ಲಿ ಕದಡಿ ಯಾರೋ ಚಿಮುಕಿಸಿದ ಹಾಗೆ. ಸಾಲುಗಳ ಮುಂದೆ ಜನ ನಿಂತಿದ್ದಾರೆ. ರೇಷ್ಮೆ ಸೀರೆಗಳ ಮೇಲೆ ಉಣ್ಣೆಯ ಕಾರ್ಡಿಗನ್ನು, ಇಸ್ತ್ರಿ ಮಾಡಿದ ಕೋಟು, ಒಬ್ಬರ ತಲೆಯ ಮೇಲೆ ಕ್ರಿಕೆಟ್ ಟೋಪಿ. ಸೂರ್ಯ ಎದುರಿಗಿದ್ದುದರಿಂದ ಎಲ್ಲರ ಕಣ್ಣೂ ಕಿರಿದಾಗಿವೆ. ನಡುವೆ ತೋಟದ ಒಡತಿ ಮದಾಮ್ ಓಡೆಟ್, ಎಂಬತ್ತು ದಾಟಿದ ಹೆಂಗಸು. ಆಕೆಯ ಅಂಗೈಯಲ್ಲಿ ತೀರ್ಥದ ಬಟ್ಟಲಿಗಿಂತ ಸ್ವಲ್ಪ ದೊಡ್ಡದಾದ ಒಂದು ಬೆಳ್ಳಿಯ ಬಟ್ಟಲು. ಬಿಸಿಲು ಅದಕ್ಕೆ ತಗುಲಿ, ಚಿತ್ರದ ಆ ಜಾಗದಲ್ಲಿ ಬಿಳಿಯ ತೂತು ಬಿದ್ದಂತೆ ಕಾಣುತ್ತದೆ. ಆಕೆಯ ಬಲಕ್ಕೆ ಡಾಕ್ಟರ್ ದಾನಪ್ಪ, ಆ ದಿಬ್ಬ ತನ್ನ ತಂದೆಯದೇ ಎಂಬಂತೆ ಎದೆ ಮುಂದೆ ಮಾಡಿ ನಿಂತಿದ್ದಾನೆ. ಎಡಗಡೆಯ ಕೊನೆಯಲ್ಲಿ ಶೇಷಾದ್ರಿ. ಕೆಳಗೆ ಹುಲ್ಲಿನ ಮೇಲೆ ಒಂದು ನೆರಳು ಉದ್ದಕ್ಕೆ ಚಾಚಿ ದಾನಪ್ಪನ ಬೂಟಿನ ತುದಿಯನ್ನು ಮುಟ್ಟಿದೆ.

ಆ ಬಟ್ಟಲನ್ನು ಎಲ್ಲರೂ ಕಂಡದ್ದು ಅದೇ ಕೊನೆ. ಚಿತ್ರ ತೆಗೆದ ಅರ್ಧ ಗಂಟೆಯೊಳಗೆ ಅದು ಕಾಣೆಯಾಗಿತ್ತು.

"ಮತ್ತೆ ಅದೇ ಫೋಟೋನ?" ಹೆಂಡತಿ ಕಲ್ಯಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಅಷ್ಟು ದಿಟ್ಟಿಸಿ ನೋಡ್ತಿದ್ರೆ ಬಣ್ಣ ಬಿಟ್ಕೊಳ್ಳತ್ತೆ. ಹೊಟ್ಟೆ ಒಳಗೆ ಎಳ್ಕೊಂಡು ನಿಂತಿರೋದು ಚೆನ್ನಾಗಿ ಬಂದಿದೆ ಬಿಡಿ, ಮೆಚ್ಚಿದೆ."

ಶೇಷಾದ್ರಿ ಚಿತ್ರವನ್ನು ಪತ್ರಿಕೆಯ ಕೆಳಗೆ ಸರಿಸಿದರು. ಮೂವತ್ತೈದು ವರ್ಷ ಲಂಡನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ ಸೀಳಿ ಸಾವಿನ ಕಾರಣ ಹುಡುಕಿದವರು ಅವರು. ಕೆಲಸದ ಮಾತು ಎಜ್‌ವೇರಿನ ಈ ಫ್ಲಾಟಿನ ಹೊಸಿಲು ದಾಟಬಾರದು ಎಂಬುದು ಅಂದಿನಿಂದ ನಡೆದುಬಂದ ಕಟ್ಟಳೆ. ನಿವೃತ್ತರಾದ ಮೇಲೆ ಕನ್ನಡ ಕೂಟದವರು ತಮ್ಮ ಒಡಕುಗಳನ್ನೂ ಕಳವುಗಳನ್ನೂ ಅವರ ಮುಂದೆ ತಂದಿಡತೊಡಗಿದಾಗಲೂ ಆ ಕಟ್ಟಳೆ ಸಡಿಲವಾಗಲಿಲ್ಲ. ಬಟ್ಟಲು ಕಾಣೆಯಾದದ್ದು ಕಲ್ಯಾಣಿಗೆ ಗೊತ್ತಿತ್ತು. ಅದರ ಮೇಲೆ ಯಾರ ಹೆಸರು ಬಿದ್ದಿದೆ ಎಂಬುದನ್ನು ಅವರು ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ.

"ಸಂಜೆ ದಾನಪ್ಪ ಬರ್ತಾನೆ," ಎಂದರು ಶೇಷಾದ್ರಿ. ಬಾಗಿಲ ಬಳಿಯ ಗೂಟದಲ್ಲಿ ಕಲ್ಯಾಣಿಯ ಕೋಟು, ಅದರ ಪಕ್ಕದಲ್ಲಿ ಆಕೆಯ ಕ್ಯಾಮೆರಾದ ಹಳೆಯ ಚರ್ಮದ ಚೀಲ ತೂಗುತ್ತಿದ್ದವು. ತಮ್ಮ ಕೊಡೆಯನ್ನಷ್ಟೇ ತೆಗೆದುಕೊಂಡು ಅವರು ಹೊರಬಿದ್ದರು.

ಟ್ಯೂಬ್ ರೈಲಿನಲ್ಲಿ ಕೂತು ಕಣ್ಣು ಮುಚ್ಚಿದರೆ ಬೋರ್ಡೊ ನಗರ ಎದ್ದು ಬರುತ್ತಿತ್ತು.

ಮೇ ತಿಂಗಳ ಕೊನೆಯ ರಜೆಗೆ ಕೂಟದ ಹಿರಿಯರೆಲ್ಲ ಅಲ್ಲಿಗೆ ಹೋಗಿದ್ದರು. ಗರೋನ್ ನದಿಯ ಕಂದುನೀರು. ಅದರ ದಂಡೆಯುದ್ದಕ್ಕೂ ಜೇನಿನ ಬಣ್ಣದ ಕಲ್ಲುಮನೆಗಳು. ಒಂದು ಓಣಿಯ ನೆಲಮಾಳಿಗೆಯಲ್ಲಿ ವೈನಿನ ರುಚಿ ನೋಡುವುದನ್ನು ಕಲಿಸುವ ಶಾಲೆ. ಲೋಟವನ್ನು ಓರೆ ಮಾಡಿ ಬಣ್ಣ ನೋಡುವುದು, ಸುತ್ತಿಸಿ ಮೂಸುವುದು, ನಾಲಗೆಯ ಮೇಲೆ ಹೊರಳಿಸಿ ಕೊನೆಗೆ ಬಕೆಟ್ಟಿಗೆ ಉಗಿಯುವುದು. "ಉಗಿಯೋದನ್ನ ಕಲಿಯೋಕೆ ಸಮುದ್ರ ದಾಟಿ ಬರಬೇಕಿತ್ತೇನ್ರೀ?" ಎಂದು ಕಲ್ಯಾಣಿ ಕಿವಿಯಲ್ಲಿ ಉಸುರಿದ್ದಳು. ಮೂಗಿನ ತುಂಬ ಫಾರ್ಮಲಿನ್ ತುಂಬಿಕೊಂಡೇ ಮುದುಕರಾದ ಶೇಷಾದ್ರಿಯವರಿಗೆ ಒಂದು ಲೋಟದಲ್ಲಿ ನೆನೆದ ಸ್ಲೇಟಿನ ವಾಸನೆ ಸಿಕ್ಕಿತು. ಸಂಕೋಚದಿಂದಲೇ ಅದನ್ನು ಹೇಳಿದರು. ಕಲಿಸುತ್ತಿದ್ದ ಹುಡುಗಿ ಕ್ಷಣ ತಡೆದು, ಆ ದ್ರಾಕ್ಷಿ ಬೆಳೆಯುವ ನೆಲದಲ್ಲಿ ಅಂಥದೇ ಕಲ್ಲಿದೆ ಎಂದಳು. ಅಂದಿನ ರಾತ್ರಿಯೂಟದ ತನಕ ಆ ಹೆಮ್ಮೆ ಅವರ ನಡಿಗೆಯಲ್ಲಿತ್ತು.

ಮರುದಿನ, ಶನಿವಾರ, ಊರ ಹೊರಗಿನ ತೋಟಗಳು. ಸೇಂಟ್ ಎಮಿಲಿಯೋದ ಸುಣ್ಣದ ದಿಬ್ಬಗಳ ನಡುವೆ ಮದಾಮ್ ಓಡೆಟ್‌ಳ ತೋಟ. ಪೀಪಾಯಿಯಿಂದ ನೇರ ಬೆಳ್ಳಿ ಬಟ್ಟಲಿಗೆ ವೈನು ಬಗ್ಗಿಸಿ, ಒಂದು ಗುಟುಕು ತಾನು ಕುಡಿದು, ಮುಂದಿನವರ ಕೈಗೆ ದಾಟಿಸುವುದು ಅವರ ಮನೆಯ ಪದ್ಧತಿ. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಜಲು. ಮೊದಲು ದಾರಿ ಕಂಡುಕೊಂಡವಳು ಕಲ್ಯಾಣಿ. ಬಟ್ಟಲನ್ನು ಹಣೆಯ ಮಟ್ಟಕ್ಕೆ ಎತ್ತಿ, ತುಟಿಗೆ ತಾಗಿಸದೆ, ಒಂದು ಹನಿಯೂ ಚೆಲ್ಲದಂತೆ ಬಾಯಿಗೆ ಬಿಟ್ಟುಕೊಂಡಳು. ಆಮೇಲೆ ಎಲ್ಲರೂ ಹಾಗೆಯೇ. ಮುದುಕಿ ಅದನ್ನು ಯಾವುದೋ ದೇವರ ವಿಧಿಯೆಂದು ತಿಳಿದು ಚಪ್ಪಾಳೆ ತಟ್ಟಿದಳು. ಕೌನ್ಸಿಲಿನ ಸಂಜೆ ತರಗತಿಯಲ್ಲಿ ಕಲಿತ ಫ್ರೆಂಚಿನಲ್ಲಿ ಕಲ್ಯಾಣಿ ಏನೋ ವಿವರಿಸಿದಳು. ಆಮೇಲೆ ಆ ಇಬ್ಬರೂ ಗುಲಾಬಿ ಗಿಡದ ಬಳಿ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡುತ್ತಿದ್ದರು.

ಎಲೆಯ ಮೇಲಿನ ನೀಲಿಯ ಕಥೆಯನ್ನು ಹೇಳಿದ್ದೂ ಆ ಮುದುಕಿಯೇ. ಹಿಂದೆ, ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಾರೆಂದು, ರಸ್ತೆ ಬದಿಯ ತೋಟದವರು ವಿಷದಂತೆ ಕಾಣಲಿ ಎಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದರಂತೆ. ಕಳ್ಳರು ದೂರ ಉಳಿದರು. ಅವರೊಂದಿಗೆ ಬೂಜು ರೋಗವೂ ದೂರ ಉಳಿಯಿತು. ಹೀಗೆ ಕಳ್ಳರಿಗೆಂದು ಬಳಿದ ಬಣ್ಣ ಬಳ್ಳಿಗೆ ಮದ್ದಾಯಿತು. ಅದನ್ನು ಕೇಳಿ ದಾನಪ್ಪ ಒಂದು ಎಲೆ ಕಿತ್ತು, ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, "ನಮ್ಮ ಮನಿ ವಾಸನಿ, ಸರ," ಎಂದಿದ್ದ. ವಿಜಾಪುರದ ದ್ರಾಕ್ಷಿ ತೋಟದಲ್ಲಿ ಬೆಳೆದವನು. ಊರಿನ ನೆನಪು ಎಂದುಕೊಂಡು ಶೇಷಾದ್ರಿ ಅದನ್ನು ಅಲ್ಲಿಗೇ ಬಿಟ್ಟಿದ್ದರು.

ಬಸ್ಸು ಹೊರಡುವಾಗ ಮುದುಕಿಯ ಮಗ ಗೇಟಿಗೆ ಓಡಿಬಂದ. ಬಟ್ಟಲು ಕಾಣುತ್ತಿಲ್ಲ, ತಲೆತಲಾಂತರದ್ದು ಎಂದ. "ನಮ್ಮ ಚೀಲ ನಾವ ತಗದು ತೋರಸೂಣು," ಎಂದವನು ದಾನಪ್ಪನೇ. ಹುಲ್ಲಿನ ಮೇಲೆ ಸಾಲುಸಾಲು ಚೀಲಗಳು ಬಾಯಿ ತೆರೆದು ಬಿದ್ದವು. ಯಾವುದರಲ್ಲೂ ಏನೂ ಸಿಗಲಿಲ್ಲ.

ಹೋದವರಲ್ಲಿ ಕಳ್ಳರಿಲ್ಲ ಎಂದಾದರೆ ಹೊರಗಿನವನೊಬ್ಬ ಬೇಕು. ಆ ಹೊರಗಿನವನನ್ನು ಒದಗಿಸಿದವನೂ ದಾನಪ್ಪನೇ. ಫೆಲ್ಥಮ್ಮಿನ ಸಂಗಮೇಶ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವ ತರುಣ, ಪ್ರವಾಸದ ಟಿಕೆಟ್ಟುಗಳನ್ನೆಲ್ಲ ಮಾಡಿಸಿಕೊಟ್ಟವನು. ಯಾವ ದಿನ ಯಾವ ತೋಟ ಎಂಬುದು ಅವನಿಗೆ ಬಾಯಿಪಾಠ. ನೀನೂ ಬಾ ಎಂದರೆ ಡ್ಯೂಟಿ ಇದೆ ಎಂದಿದ್ದ. ವಿಚಾರಿಸಿದರೆ ಅಂದು ರಜೆ ಹಾಕಿದ್ದ. ಶನಿವಾರ ಬೆಳಿಗ್ಗೆ, ಲಂಡನ್ನಿಗೆ ಹಿಂದಿರುಗುವ ದಿನದ ವ್ಯಾನಿನ ವಿಷಯ ಕೇಳಲು ದಾನಪ್ಪ ಹೋಟೆಲಿನಿಂದ ಅವನ ಮನೆಗೆ ಫೋನು ಮಾಡಿದಾಗ ತಾಯಿ ಶಿವಕ್ಕನೇ ಹೇಳಿದ್ದಳಂತೆ: ಮಗ ಬೋರ್ಡೊಕ್ಕೆ ಹೋಗಿದ್ದಾನೆ.

ನಾಳೆ ಭಾನುವಾರ, ಈಸ್ಟ್ ಹ್ಯಾಮಿನ ಹೋಟೆಲೊಂದರ ಮೇಲಿನ ಸಭಾಂಗಣದಲ್ಲಿ ಕೂಟದ ಸಮಿತಿ ಸೇರಿ ಆ ಹೆಸರನ್ನು ಫ್ರೆಂಚ್ ಪೊಲೀಸರಿಗೆ ಕೊಡಲಿತ್ತು. ಕಳ್ಳತನದ ಮಾತು ಒಮ್ಮೆ ಕಾಗದಕ್ಕೆ ಇಳಿದರೆ ಸಂಗಮೇಶನ ವಿಮಾನ ನಿಲ್ದಾಣದ ಪಾಸು ಹೋಗುತ್ತದೆ. ಪಾಸಿನ ಹಿಂದೆ ಕೆಲಸ, ಕೆಲಸದ ಹಿಂದೆ ಮರ್ಯಾದೆ.

ಫೆಲ್ಥಮ್ಮಿನ ಆ ಓಣಿಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಬಾಗಿಲು ತೆರೆದ ಶಿವಕ್ಕ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೈ ಮಣ್ಣಾಗಿತ್ತು.

"ಬರ್ರಿ ಡಾಕ್ಟರ್ರ. ಸಂಗಮೇಶ ಡ್ಯೂಟಿ ಮ್ಯಾಲ ಹೋಗ್ಯಾನ. ಕೇಳೂದಿದ್ರ ನನ್ನ ಕೇಳ್ರಿ, ಹಿತ್ತಲಾಗ ಕುಂತು ಕೇಳ್ರಿ."

ಹಿತ್ತಿಲ ಇಟ್ಟಿಗೆ ಗೋಡೆಯ ತುಂಬ ಒಂದು ದ್ರಾಕ್ಷಿ ಬಳ್ಳಿ. ತಂತಿಯ ಮೇಲೆ ಅಂಗೈ ಬಿಡಿಸಿಟ್ಟಂತೆ ಎಲೆಗಳು, ಒಂದರ ಮೇಲೊಂದು ಬೀಳದ ಹಾಗೆ ಕಟ್ಟಿದ ಕುಡಿಗಳು. ಶೇಷಾದ್ರಿ ಅರಿಯದೆಯೇ ಎದ್ದು ನಿಂತು ನೋಡಿದರು.

"ಊರಿನ ಬಳ್ಳಿಯೇ?"

"ಬಳ್ಳಿ ಇಲ್ಲೀದ್ರಿ, ನರ್ಸರಿಯೊಳಗ ತಂದದ್ದು. ಕೈ ನಮ್ಮೂರಂದು." ಆಕೆ ಮಾತನ್ನು ನೆಲಕ್ಕೆ ಊರಿದಂತೆ ಹೇಳಿದಳು. "ನಮ್ಮ ಯಜಮಾನ್ರು ಸಿದ್ದಲಿಂಗಪ್ಪ ಇರೂತನ ಅವರು ಕಟ್ಟತಿದ್ರು. ಈಗ ಮಗಾ ಕಟ್ಟತಾನ. ಆಚೀಕಡೆ ಕೌನ್ಸಿಲಿನವರು ಒಂದು ತುಂಡು ತೋಟಾ ಕೊಟ್ಟಾರಲ್ಲ, ಅಲ್ಲಿ ಇನ್ನೂ ಇಂಥಾವು ಅದಾವ."

"ಆ ಶನಿವಾರ ಸಂಗಮೇಶ ಎಲ್ಲಿದ್ದ, ಶಿವಕ್ಕನವರೇ?"

"ಅಂವಾ? ಎಣ್ಣಿ ಹೊಡ್ಯಾಕ ಹೋಗಿದ್ದ."

ಶೇಷಾದ್ರಿ ತಲೆ ತಗ್ಗಿಸಿದರು. ಬೆಂಗಳೂರಿನಿಂದ ಬರುವ ಅಣ್ಣನ ಮೊಮ್ಮಕ್ಕಳ ಬಾಯಲ್ಲಿ ಆ ಮಾತನ್ನು ಅವರು ಕೇಳಿದ್ದರು. ಕುಡಿಯುವುದಕ್ಕೆ ಹಾಗೆನ್ನುತ್ತಾರೆ. ತಾಯಿಯೊಬ್ಬಳು ಅದನ್ನು ಇಷ್ಟು ನೆಮ್ಮದಿಯಿಂದ ಹೇಳುವುದನ್ನು ಕೇಳಿದ್ದು ಮಾತ್ರ ಇದೇ ಮೊದಲು.

"ಬೆಳಿಗ್ಗೆಯೇನೆ?"

"ಬೆಳಿಗ್ಗೇನ ಹೊಡೀಬೇಕ್ರಿ. ಬಿಸಿಲ ಏರಿದ ಮ್ಯಾಲ ಹೊಡದ್ರ ಸುಡತೈತಿ."

"ಜೊತೆಗೆ ಯಾರಿದ್ರು?"

"ಯಾರ್ ಬೇಕ್ರಿ ಜ್ವಾಡಿ? ಬೆನ್ನಿಗಿ ಕಟಗೊಂಡು ಹೋಗತಾನ, ಕ್ಯಾನ್ ಖಾಲಿ ಆಗೂತನ ಹೊಡೀತಾನ."

"ಕ್ಯಾನು," ಎಂದರು ಶೇಷಾದ್ರಿ ಮೆಲ್ಲಗೆ. "ನೀವು ಏನೂ ಅನ್ನೋದಿಲ್ವೆ?"

"ಯಾಕನ್ಲಿ? ನಾನ ಕಲಸಿ ಕೊಡತೀನಿ ಅಲ್ರಿ."

ಅಷ್ಟರಲ್ಲಿ ಆಕೆ ಅವರ ಮುಖ ನೋಡಿದಳು. ನೋಡುತ್ತ ನೋಡುತ್ತ ಮಣ್ಣುಗೈಯಿಂದಲೇ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಒಂದು ವಿಮಾನ ಇಳಿದುಹೋಗುವವರೆಗೂ ನಗು ನಿಲ್ಲಲಿಲ್ಲ.

"ಯಪ್ಪಾ, ನೀವು ಮೈಸೂರವರು. ನನ್ನ ಮಗಾ ಕುಡುಕ ಅಂತ ತಿಳಕೊಂಡ್ರಿ. ಬೆಳೀಗೆ ಹೊಡಿಯೂ ಔಷಧಕ್ಕ ನಾವು ಎಣ್ಣಿ ಅಂತೀವ್ರಿ. ನೋಡ್ರಿ, ಇದು."

ಗೋಡೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಪಕ್ಕದಲ್ಲಿ ಬೆನ್ನಿಗೆ ಕಟ್ಟುವ ಪಂಪು. ಬಕೆಟ್ಟಿನ ತಳದಲ್ಲಿ ಒಣಗಿದ ನೀಲಿ. ಶೇಷಾದ್ರಿ ಬಳ್ಳಿಯ ಕಡೆ ತಿರುಗಿದರು. ಕನ್ನಡಕ ಸರಿಮಾಡಿಕೊಂಡರು. ಎಲೆಗಳ ಮೇಲೆ ಅದೇ ತೆಳುನೀಲಿಯ ಪೊರೆ. ಅದೇ ಕದಡಿದ ಆಕಾಶ.

"ಈ ಔಷಧಕ್ಕೆ ಹೆಸರಿದೆಯೆ?"

"ಬೋರ್ಡೊ."

ಮೇಲೆ ವಿಮಾನಗಳ ಸದ್ದಿಲ್ಲದ ಒಂದು ಬಿಡುವು ಬಂದಿತ್ತು.

"ಮೈಲುತುತ್ತ, ಸುಣ್ಣ. ಹುಟ್ಟಿದಾಗಿಂದ ಬೋರ್ಡೊ ಅಂತನ ಕೇಳೀನಿ. ಅದು ಊರ ಹೆಸರು ಅಂತ ನಿಮ್ಮ ಟೂರಿನ ಮಾತು ಬಂದಾಗ ಗೊತ್ತಾತು ನೋಡ್ರಿ. ಅವತ್ತ ದಾನಪ್ಪ ಡಾಕ್ಟರ್ ಫೋನ್ ಮಾಡಿದ್ರಲ್ಲ, ಅವರಿಗೂ ಅದನ್ನ ಹೇಳೀನಿ. ಬೋರ್ಡೊ ಹೊಡ್ಯಾಕ ಹೋಗ್ಯಾನ್ರಿ, ಬಂದ ಮ್ಯಾಲ ಹೇಳತೀನಿ ಅಂತ."

"ಅದಕ್ಕೆ ಅವನೇನಂದ?"

"ಏನೂ ಅನ್ಲಿಲ್ಲ. ನಕ್ರು."

ಶೇಷಾದ್ರಿ ಆ ಒಂದು ಮಾತನ್ನು ಮನಸ್ಸಿನೊಳಗೆ ಎತ್ತಿಟ್ಟುಕೊಂಡರು. ಊರಿನ ಹೆಸರನ್ನು ಕೇಳಿದೆ ಎಂದುಕೊಂಡವನಿಗೆ ಆಶ್ಚರ್ಯವಾಗಬೇಕು. ಅಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಆ ಊರಲ್ಲೇ ನಿಂತು ಆ ಔಷಧದ ಹೆಸರು ಕೇಳಿದವನಿಗಾದರೆ ನಗು ಬರುತ್ತದೆ.

"ಡ್ಯೂಟಿ ಅಂತ ಯಾಕೆ ಸುಳ್ಳು ಹೇಳಿದ ಸಂಗಮೇಶ?"

"ಮತ್ತೇನ್ ಹೇಳಬೇಕ್ರಿ? ಮಳಿ ನಿಂತಿತ್ತು, ಎಣ್ಣಿ ಹೊಡಿಯೂ ವಾರ. ಮಂದೀ ದ್ರಾಕ್ಷಿ ನೋಡಾಕ ಹೋದ್ರ ನಮ್ಮ ದ್ರಾಕ್ಷಿಗೆ ಬೂಜು ಹಿಡೀತಿತ್ತು. ಹಂಗಂದ್ರ ನೀವೆಲ್ಲಾ ನಗತೀರಿ. ಡ್ಯೂಟಿ ಅಂದ್ರ ಸುಮ್ಮನಾಗತೀರಿ." ಆಕೆ ಒಂದು ಎಲೆ ಚಿವುಟಿ ಅವರ ಕೈಗಿಟ್ಟಳು. "ನನ್ನ ಮಗಾ ಕದ್ದಿಲ್ಲ ಅಂತ ಕೈ ಮುಗ್ಯಾಕ ನಾ ಯಾರ ಮನೀಗೂ ಬರೂದಿಲ್ರಿ ಡಾಕ್ಟರ್ರ. ನಾಳೆ ಈಸ್ಟ್ ಹ್ಯಾಮಿಗೂ ಬರೂದಿಲ್ಲ. ನೀವಾಗೇ ಬಂದು ಕೇಳಿದ್ರಿ, ಹೇಳೀನಿ. ಅಷ್ಟ."

ಗೇಟಿನ ತನಕ ಬೀಳ್ಕೊಡಲು ಬಂದಾಗ ಆಕೆ ಅಕ್ಕಪಕ್ಕದ ಕಿಟಕಿಗಳ ಕಡೆ ನೋಡಲಿಲ್ಲ. ನೆಟ್ಟಗೆ ನಿಂತಿದ್ದಳು, ತಂತಿಗೆ ಕಟ್ಟದೆಯೂ ಎದ್ದು ನಿಂತ ಬಳ್ಳಿಯ ಹಾಗೆ.

ವಾಟರ್‌ಲೂಗೆ ಹಿಂದಿರುಗುವ ರೈಲಿನಲ್ಲಿ ಶೇಷಾದ್ರಿ ಎಲೆಯನ್ನು ಪತ್ರಿಕೆಯ ನಡುವೆ ಇಟ್ಟುಕೊಂಡು ಕೂತರು. ಪದ್ಯದ ಸಾಲಿನಿಂದ ಒಂದು ಪದ ಜಾರಿದರೆ ಅರ್ಥ ಬೇರೆ ಊರಿಗೆ ಹೊರಟುಹೋಗುತ್ತದೆ ಎಂಬುದನ್ನು ಅವರು ಬಲ್ಲರು. ಜೀವಮಾನವೆಲ್ಲ ಹೊಸ ಕವಿತೆ ಓದಿದ ಮನುಷ್ಯ. ಬೋರ್ಡೊ ಹೊಡೆಯಲು ಹೋಗಿದ್ದಾನೆ. ಬೋರ್ಡೊಕ್ಕೆ ಹೋಗಿದ್ದಾನೆ. ನಡುವಿನಿಂದ ಬಿದ್ದುಹೋದದ್ದು ಒಂದೇ ಒಂದು ಕ್ರಿಯಾಪದ. ಅದರ ಜಾಗದಲ್ಲಿ ಒಬ್ಬ ಹುಡುಗನ ಬದುಕು ಬೀಳುವುದರಲ್ಲಿತ್ತು.

ಪ್ರಶ್ನೆ ಉಳಿದದ್ದು ಒಂದೇ. ಅದು ಬಿದ್ದದ್ದೋ, ಬೀಳಿಸಿದ್ದೋ?

ದಾನಪ್ಪ ಸಂಜೆ ಬಿಸಿಲಿರುವಾಗಲೇ ಬಂದ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಳೆಯ ಶಸ್ತ್ರವೈದ್ಯ. ಭುಜದ ಅಗಲಕ್ಕೆ ತಕ್ಕ ದನಿ. ಆದರೂ ಈ ಮನೆಯ ಹೊಸಿಲಲ್ಲಿ ಬೂಟು ಬಿಚ್ಚುವಾಗ ಅವನ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ, ಬಣ್ಣ ನೋಡಿ ಬಾಗಿಲು ಹಾಕುತ್ತಿದ್ದ ಬಾಡಿಗೆಮನೆಗಳ ಬೀದಿಗಳಲ್ಲಿ ಅಲೆದು ಸಾಕಾಗಿ, ಅವನು ಮೊದಲು ಮಲಗಿದ್ದು ಇವರ ಮನೆಯ ಸೋಫಾದ ಮೇಲೆ.

"ಬಾಪ್ಪಾ ದಾನಪ್ಪ," ಎಂದಳು ಕಲ್ಯಾಣಿ. "ಸಕ್ಕರೆ ಹಾಕ್ಲೋ, ಇನ್ನೂ ನಿನ್ನ ಜಿಪಿ ಡಾಕ್ಟರ ಮಾತು ಕೇಳ್ತಿದೀಯೋ?"

"ನೀವು ಏನ್ ಕೊಟ್ರೂ ಕುಡೀತೀನ್ರಿ ಅಕ್ಕಾರ."

"ಜಾಣ." ಆಕೆ ಅಡುಗೆಮನೆಗೆ ಹೋದಳು. ಹಾಲಿನ ಪಾತ್ರೆ ಒಲೆಯ ಮೇಲೆ ಕೂತ ಸದ್ದು ಕೇಳಿಸಿತು.

ಶೇಷಾದ್ರಿ ಪತ್ರಿಕೆ ಬಿಡಿಸಿ, ಎಲೆಯನ್ನು ಮೇಜಿನ ಮೇಲೆ ಇಟ್ಟರು.

"ಇದಕ್ಕೇನೋ ರೋಗ ಬಂದಿರೋ ಹಾಗಿದೆ. ನೋಡು."

ದಾನಪ್ಪ ಎಲೆಯನ್ನು ಬೆಳಕಿಗೆ ಹಿಡಿದ. ಮುಖ ಅರಳಿತು. "ರೋಗಲ್ರಿ ಸರ, ಇದು ಮದ್ದು. ಎಷ್ಟ ಛಂದ ಕುಂತೈತಿ ನೋಡ್ರಿ, ಸಣ್ಣ ಹನಿ, ಎಲ್ಲೂ ಇಳದಿಲ್ಲ. ಹೊಡದಾಂವ ಬಲ್ಲಾಂವ."

"ಮಾಡೋದು ಕಷ್ಟವೆ?"

"ಮಾಡಾಕ ಗೊತ್ತಿರಬೇಕು." ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಶಸ್ತ್ರವೈದ್ಯನ ಕೈಗಳು ಗಾಳಿಯಲ್ಲಿ ಎರಡು ಹಂಡೆಗಳನ್ನು ತಂದಿಟ್ಟವು. "ಒಂದರಾಗ ಮೈಲುತುತ್ತದ ನೀರು, ಒಂದರಾಗ ಸುಣ್ಣದ ತಿಳಿ. ಕಬ್ಬಿಣದ ಪಾತ್ರಿ ಮುಟ್ಟಸಬಾರದು. ಮೈಲುತುತ್ತಾನ ಸುಣ್ಣದಾಗ ಹಾಕಬೇಕು, ಸಣ್ಣಗ ಧಾರಿ ಹಿಡದು. ಆಮ್ಯಾಲ ಕುಡಗೋಲು ಅದ್ದಿ ನೋಡೂದು. ಅಲಗಿಗೆ ಕೆಂಪು ಹತ್ತಿದ್ರ ಸುಣ್ಣ ಸಾಲದು ಅಂತ. ನಾ ಸಣ್ಣಾಂವಿದ್ದಾಗ ಕುಡಗೋಲು ಅದ್ದೂದು ನಂದ ಕೆಲಸ. ಸುತ್ತ ನಾಕ್ ಹಳ್ಯಾಗ ನಮ್ಮಪ್ಪನಂಗ ಕಲಸಾವ್ರು ಯಾರೂ ಇರಲಿಲ್ರಿ ಸರ."

"ನಿಮ್ಮ ಕಡೆ ಇದಕ್ಕೆ ಏನಂತಾರೆ?"

"ಬೋರ್ಡೊ ಅಂತೀವ್ರಿ. ಬೋರ್ಡೊ ಹೊ..."

ಮಾತು ಅಲ್ಲಿಗೇ ನಿಂತಿತು. ಗಾಳಿಯಲ್ಲಿದ್ದ ಹಂಡೆಗಳು ಕೆಳಗಿಳಿದವು.

"ಹೇಳು," ಎಂದರು ಶೇಷಾದ್ರಿ. "ಕ್ರಿಯಾಪದ ನುಂಗಬೇಡ. ಹೋದ ಸಲವೂ ಅದನ್ನೇ ನುಂಗಿದ್ದೆ."

ದಾನಪ್ಪ ಎಲೆಯನ್ನು ಮೇಜಿನ ಮೇಲಿಟ್ಟ. ಬೆರಳ ತುದಿಗೆ ನೀಲಿ ಹತ್ತಿತ್ತು.

"ಶಿವಕ್ಕ ಹೇಳಿದ ಮಾತನ್ನ ಮೈಸೂರಿನೋನು ತಪ್ಪು ತಿಳ್ಕೋಬಹುದು. ನಾನು ತಿಳ್ಕೊಂಡೆ, ಕೂಟದವರೆಲ್ಲ ತಿಳ್ಕೊಂಡರು. ನೀನು ಕುಡುಗೋಲು ಅದ್ದಿದ ಮಗ. ನೀನು ತಪ್ಪು ತಿಳ್ಕೊಳ್ಳೋದು ಸಾಧ್ಯವೇ ಇರಲಿಲ್ಲ. ಆಕೆ ಹೇಳಿದಾಗ ನೀನು ನಕ್ಕೆ. ಅದೇ ದಿನ ಸಂಜೆ ಬಟ್ಟಲು ಹೋಯಿತು. ಆಮೇಲೆ ಆ ಮಾತನ್ನೇ ತಿರುಚಿ ಒಬ್ಬ ಹುಡುಗನ ಕೊರಳಿಗೆ ಹಾಕಿದೆ."

"ನಾ ಕದ್ದಿಲ್ರಿ ಸರ."

"ಕದ್ದೆ ಅಂತ ನಾನು ಹೇಳಲಿಲ್ಲ. ಸುಳ್ಳು ಯಾಕೆ?"

ದಾನಪ್ಪ ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ನಾಳೆ ಸಮಿತಿ ಮುಂದ ನಾ ತಪ್ಪು ಕೇಳಿಸ್ಕೊಂಡೆ ಅಂತ ಹೇಳತೀನಿ. ಹುಡುಗನ ಹೆಸರು ತಗಸತೀನಿ. ಅಲ್ಲಿಗೆ ಬಿಟ್ಟಬಿಡ್ರಿ. ನಿಮ್ಮ ಕಾಲ ಹಿಡಕೋತೀನಿ, ಇದರ ಮುಂದ ಕೆದರಬ್ಯಾಡ್ರಿ."

"ನಿನ್ನ ಊರ ಕಡೆಯೋನೇ ಅವನು. ಅವನ ಅನ್ನ ಹೋಗ್ತಿತ್ತು."

"ಗೊತ್ತೈತ್ರಿ." ಅವನ ದನಿ ಒರಟಾಯಿತು. "ಯಾರದರೆ ಒಬ್ಬರ ಮಾನ ಹೋಗೂದಿತ್ತು. ಯಾರದು ಅಂತ ಆರಿಸೂ ಪಾಳಿ ನನಗ ಬಂತು. ನಾ ಆರಿಸಿದೆ. ಸಂಗಮೇಶ ಹರೇದಾಂವ, ಇನ್ನೊಂದು ಕೆಲಸ ಸಿಗತೈತಿ ಅಂತ ಮನಸ್ಸಿಗೆ ಹೇಳಕೊಂಡೆ. ಹೇಸಿ ವಿಚಾರ. ಆದ್ರ ಇನ್ನೊಂದು ಕಡೆ ನನಗ ಉಣ್ಣಾಕ ಹಾಕಿದ ಕೈ ಇತ್ರಿ."

ಶೇಷಾದ್ರಿಯವರಿಗೆ ಆ ವಾಕ್ಯ ಕೇಳಿಸಿತು; ಅರ್ಥವಾಗಲು ಒಂದು ಉಸಿರು ತಡವಾಯಿತು.

"ಆ ಫೋಟೋ ತಗೀರಿ ಸರ. ಎರಡು ವಾರದಿಂದ ಅದರಾಗ ಯಾರಾರ ಅದಾರ ಅಂತ ನೋಡಾಕತ್ತೀರಿ. ಯಾರಿಲ್ಲ ಅಂತ ನೋಡ್ರಿ."

ಪತ್ರಿಕೆಯ ಕೆಳಗಿನಿಂದ ಚಿತ್ರ ಹೊರಬಂತು. ಅದೇ ದಿಬ್ಬ, ಅದೇ ಗುಲಾಬಿ, ಅಂಗೈಯ ಮೇಲಿನ ಅದೇ ಬಿಳಿಯ ತೂತು. ಹುಲ್ಲಿನ ಮೇಲೆ ಚಾಚಿದ ನೆರಳು. ಮೊಣಕೈಗಳು ಹೊರಕ್ಕೆ ಮಡಿಚಿವೆ, ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದರಿಂದ. ತಲೆಯ ಹಿಂದೆ ಗಂಟು. ಭುಜದಿಂದ ಒಂದು ಸೆರಗು ಗಾಳಿಗೆ ಅರ್ಧ ಎದ್ದಿದೆ. ಸೊಂಟದ ಬಳಿ ತೂಗುವ ಒಂದು ಚೌಕ. ಹೆಣದ ಉಗುರಿನ ಬಣ್ಣದಿಂದ ಸಾವಿನ ಕಥೆ ಹೇಳುತ್ತಿದ್ದ ಕಣ್ಣು, ಮೂವತ್ತೈದು ವರ್ಷ ಜೊತೆಗೆ ಬಾಳಿದವಳ ನೆರಳನ್ನು ನೆರಳೆಂದಷ್ಟೇ ನೋಡಿ ದಾಟಿಬಿಟ್ಟಿತ್ತು.

"ನಾವೆಲ್ಲಾ ಚೀಲ ತಗದು ತೋರಸೂಮುಂದ ಅಕ್ಕಾರು ಬಸ್ಸಿನಾಗ ಕುಂತಿದ್ರು," ಎಂದ ದಾನಪ್ಪ. "ಅವರು ಹತ್ತಿದ ಮ್ಯಾಲನ ಚೀಲ ತೋರಸೂ ಮಾತು ನಾ ತಗದೆ, ಪೊಲೀಸರು ಬಂದು ಹುಡುಕಬಾರದು ಅಂತ. ಕೊರಳಾಗಿನ ಕ್ಯಾಮೆರಾ ಚೀಲ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಯಾಕಂದ್ರ ಅದರಾಗ ಬೆಳ್ಳಿ ಹೋಗೂದನ್ನ ಗುಲಾಬಿ ಗಿಡದ ಮಗ್ಗಲಕ ನಿಂತು ನಾ ಕಣ್ಣಾರೆ ಕಂಡಿದ್ದೆ."

ಶೇಷಾದ್ರಿ ತಲೆಯೆತ್ತಿದರು.

ಕಲ್ಯಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಮುಖದಲ್ಲಿ ಹೆದರಿಕೆಯಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಆ ತೋಟದಲ್ಲಿ ಹನಿ ಚೆಲ್ಲದಂತೆ ಬಟ್ಟಲು ಎತ್ತಿದಾಗ ಇದ್ದ ಅದೇ ನಿಲುವು, ಅದೇ ನೇರವಾದ ಕೊರಳು.

"ನನ್ನ ಮಾನ ಕಾಯಿ ಅಂತ ನಿನ್ನ ಯಾರು ಕೇಳಿದ್ರು ದಾನಪ್ಪ?" ಎಂದಳು. "ಕೇಳಿದ್ರೂ, ಅದಕ್ಕೆ ಶಿವಕ್ಕನ ಮಗನ ಹೆಸರೇ ಬೇಕಾಗಿತ್ತಾ? ಆ ಹೆಂಗಸು ಗಂಡ ಹೋದ ಮೇಲೆ ಯಾರ ಹತ್ರವೂ ಒಂದು ಹಿಡಿ ಉಪ್ಪು ಕೇಳ್ದೆ ಅವನನ್ನ ಬೆಳೆಸಿದಾಳೆ."

ದಾನಪ್ಪ ಎದ್ದು ನಿಂತ.

ಆಕೆ ಗೂಟದ ಬಳಿ ಹೋಗಿ ಕೋಟು ತೊಟ್ಟಳು. ಒಂದೊಂದೇ ಗುಂಡಿ ಹಾಕಿಕೊಂಡಳು. ಕ್ಯಾಮೆರಾದ ಚೀಲವನ್ನು ಹೆಗಲಿಗೇರಿಸಿದಳು.

"ಕಲ್ಯಾಣಿ, ಎಲ್ಲಿಗೆ?"

"ಫೆಲ್ಥಮ್‌ಗೆ. ಸಮಿತಿ ಮುಂದೆ ಹೇಳೋದನ್ನ ನಾಳೆ ಹೇಳ್ತೀನಿ. ಅದಕ್ಕೆ ಮುಂಚೆ ಆಕೆ ಮುಂದೆ ಹೇಳಬೇಕು." ಗಂಡನ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ಕೇಸಿನ ಮಾತು ಮನೇಲಿ ಬೇಡ ಅಂತ ನೀವು ಹಾಕಿದ ಕಟ್ಟಳೆ. ನಾನೂ ಅದನ್ನ ಮುರೀಲಿಲ್ಲ. ಊರೆಲ್ಲ ಸುತ್ತಿ ಕೇಳಿದ್ರಿ, ಫ್ರಾನ್ಸಿಗೆಲ್ಲ ಫೋನ್ ಮಾಡಿ ಕೇಳಿದ್ರಿ. ಮನೆಯೊಳಗೆ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಶೇಷಾದ್ರಿ ಕೇಳಿದರು. ಜೀವನದಲ್ಲಿ ಅಷ್ಟು ಚಿಕ್ಕ ಪ್ರಶ್ನೆಗೆ ಅಷ್ಟು ಉಸಿರು ಬೇಕಾದದ್ದು ಅದೇ ಮೊದಲು.

"ಬಟ್ಟಲು ನಿನ್ನ ಹತ್ರ ಇದೆಯಾ?"

"ಇತ್ತು," ಎಂದಳು ಕಲ್ಯಾಣಿ.

ಈ ಸಲ ಕ್ರಿಯಾಪದವನ್ನು ಯಾರೂ ನುಂಗಿರಲಿಲ್ಲ. ಅದು ಕೋಣೆಯ ನಡುವೆ ನಿಂತಿತ್ತು, ತನ್ನ ಭೂತಕಾಲವನ್ನು ಹೊತ್ತುಕೊಂಡು.

"ಮಗನಿಗೆ ಹೇಳದೆ ಓಡೆಟ್ ತಾನೇ ನನಗೆ ಕೊಟ್ಟಿದ್ದು, ಮೊನ್ನೆ ಅಂಚೆಯಲ್ಲಿ ಅವಳಿಗೇ ವಾಪಸು ಕಳಿಸಿದೆ. ಹಾಲು ಉಕ್ಕತ್ತೆ," ಎಂದಳು ಆಕೆ, ಹೊಸಿಲಿನಾಚೆ ಕಾಲಿಡುತ್ತ. "ನೋಡ್ಕೊಳಿ."

ಬಾಗಿಲು ಆಕೆಯ ಹಿಂದೆ ಸದ್ದು ಮಾಡದೆ, ಪೂರ್ತಿಯಾಗಿ ಮುಚ್ಚಿಕೊಂಡಿತು.